ಆರ್‌ಸಿಯ ಆಯುಷ್ಯ: ಮೈಸೂರಿನಲ್ಲಿ ವಾಹನ ನೋಂದಣಿ ನವೀಕರಣದ ಹಿನ್ನೆಲೆ

ಮೈಸೂರು ನಗರದ ವಾಯವ್ಯಕ್ಕೆ, ಹುಣಸೂರು ರಸ್ತೆಯಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶದ ದಿಕ್ಕಿಗೆ ಹಂತ ಹಂತವಾಗಿ ಹರಡಿಕೊಂಡ ವಿಜಯನಗರವು ಸ್ವಂತ ವಾಹನವನ್ನು ನಂಬಿ ಬೆಳೆದ ಬಡಾವಣೆ. ಅರಸರ ಕಾಲದ ಮೊಹಲ್ಲಾಗಳಿಂದ ದೇವರಾಜ ಮಾರುಕಟ್ಟೆಗೆ ಕಾಲ್ನಡಿಗೆಯಲ್ಲಿ ಹೋಗಿಬರಬಹುದಾಗಿತ್ತು. ಅಳತೆಯ ನಿವೇಶನಗಳ ಈ ಹೊಸ ವಸತಿಯಲ್ಲಿ ಕಚೇರಿ, ಶಾಲೆ, ಸಂತೆಗಳೆಲ್ಲ ದೂರವಾದುದರಿಂದ ಮನೆಗೊಂದು ಸ್ಕೂಟರೋ ಮೋಟಾರ್ ಸೈಕಲ್ಲೋ ಅನಿವಾರ್ಯವಾಯಿತು. ಅಂಥ ವಾಹನಗಳು ಹಳೆಯದಾದಾಗ ಅವುಗಳ ಮಾಲೀಕರು ಎದುರಿಸುವ ಒಂದು ಸರ್ಕಾರಿ ಕ್ರಿಯೆಯೇ ನೋಂದಣಿ ನವೀಕರಣ, ಎಂದರೆ ಆರ್‌ಸಿ ಎಂದು ಎಲ್ಲರೂ ಕರೆಯುವ ನೋಂದಣಿ ಪ್ರಮಾಣಪತ್ರದ ಅವಧಿಯನ್ನು ಮತ್ತೆ ಐದು ವರ್ಷ ಮುಂದುವರಿಸಿಕೊಳ್ಳುವುದು. ಮೇಲುನೋಟಕ್ಕೆ ಇದು ಶುಲ್ಕ ಕಟ್ಟಿ ಮುಗಿಸುವ ಕೆಲಸದಂತೆ ಕಂಡರೂ, ಇದರ ಹಿಂದೆ ನೋಂದಣಿಯ ಅರ್ಥವೇ ಬದಲಾದ ಒಂದು ಚರಿತ್ರೆಯಿದೆ.

ಮೊದಲಲ್ಲಿ ನೋಂದಣಿ ಎಂಬುದು ಗುರುತಿನ ಪ್ರಶ್ನೆಯಾಗಿತ್ತು. ಪ್ಯಾರಿಸ್ ನಗರದ ಪೊಲೀಸರು 1893ರಲ್ಲಿ ಮೋಟಾರು ಗಾಡಿಗಳಿಗೆ ಮಾಲೀಕರ ಗುರುತಿನ ಫಲಕ ಇರಬೇಕೆಂದು ವಿಧಿಸಿದ್ದೂ, ಬ್ರಿಟನ್ 1903ರ ಕಾಯ್ದೆಯ ಮೂಲಕ ನೋಂದಣಿ ಸಂಖ್ಯೆಯನ್ನು ಕಡ್ಡಾಯ ಮಾಡಿದ್ದೂ ಅಪಘಾತ ಮಾಡಿ ಓಡಿದವನನ್ನು ಹಿಡಿಯುವುದಕ್ಕೆ ಅನುಕೂಲವಾಗಲೆಂದು. ಬ್ರಿಟಿಷ್ ಇಂಡಿಯಾದಲ್ಲಿ 1914ರ ಮೋಟಾರು ವಾಹನಗಳ ಕಾಯ್ದೆಯೂ ಅದರ ಜಾಗಕ್ಕೆ ಬಂದ 1939ರ ಕಾಯ್ದೆಯೂ ಇದೇ ಜಾಡಿನಲ್ಲಿದ್ದವು. ಎರಡನೆಯ ಕಾಯ್ದೆಯ ಪದ್ಧತಿಯಲ್ಲಿ ಪ್ರತಿಯೊಂದು ಪ್ರಾಂತಕ್ಕೂ ಅಕ್ಷರಗಳ ಗುಂಪೊಂದನ್ನು ಹಂಚಲಾಯಿತು. ಮೈಸೂರಿಗೆ ದೊರೆತದ್ದು ‘ಎಂವೈ’. ರಾಜ್ಯದ ಹೆಸರು 1973ರ ನವೆಂಬರ್ 1ರಂದು ಕರ್ನಾಟಕ ಎಂದಾಯಿತಾದರೂ ರಸ್ತೆಯ ಮೇಲಿದ್ದ ಗಾಡಿಗಳ ಫಲಕಗಳು ಬದಲಾಗಲಿಲ್ಲ. ಮುಂದೆ ‘ಸಿಎ’ಯಿಂದ ಆರಂಭವಾಗುವ ಸರಣಿಗಳು ಬಂದವು, ಆಮೇಲೆ ‘ಕೆಎ’ ಬಂದಿತು. ನವೀಕರಣದಲ್ಲಿ ಸಂಖ್ಯೆ ಬದಲಾಗುವುದಿಲ್ಲವಾದ್ದರಿಂದ, ಶಾಸನಸಭೆ ಕೈಬಿಟ್ಟ ಹೆಸರನ್ನು ಕೆಲವು ಹಳೆಯ ಮೋಟಾರ್ ಸೈಕಲ್‌ಗಳು ಇಂದಿಗೂ ಹೊತ್ತು ತಿರುಗುತ್ತವೆ.

ದೊಡ್ಡ ಬದಲಾವಣೆ ಆದದ್ದು 1989ರ ಜುಲೈ 1ರಂದು, 1988ರ ಮೋಟಾರು ವಾಹನಗಳ ಕಾಯ್ದೆ ಜಾರಿಗೆ ಬಂದಾಗ. ಅದರ 41ನೆಯ ಸೆಕ್ಷನ್ನಿನ 7ನೆಯ ಉಪವಿಧಿಯ ಪ್ರಕಾರ ಬಾಡಿಗೆಗಲ್ಲದ ಸ್ವಂತ ಬಳಕೆಯ ವಾಹನದ ಆರ್‌ಸಿ ಕೊಟ್ಟ ದಿನದಿಂದ 15 ವರ್ಷ ಮಾತ್ರ ಊರ್ಜಿತ. ಆ ಪತ್ರವನ್ನು ಕಾಯ್ದೆ ಬರುವ ಮೊದಲು ಕೊಟ್ಟಿದ್ದರೂ ಈ ಮಿತಿ ತಪ್ಪದು. ಲಾರಿ, ಬಸ್ಸು, ಟ್ಯಾಕ್ಸಿಗಳ ದಾರಿ ಬೇರೆ, ಅವು ಎಫ್‌ಸಿ ಎಂಬ ಯೋಗ್ಯತಾ ಪತ್ರವನ್ನು ಆಗಾಗ ಪಡೆಯುತ್ತಿರಬೇಕು. ಹೀಗೆ ‘ಈ ಗಾಡಿ ಯಾರದು’ ಎಂಬ ಹಳೆಯ ಪ್ರಶ್ನೆಯ ಜೊತೆಗೆ ‘ಈ ಗಾಡಿ ಇನ್ನೂ ರಸ್ತೆಯ ಮೇಲಿರಬಹುದೇ’ ಎಂಬ ಪ್ರಶ್ನೆಯೂ ಮನೆಬಳಕೆಯ ವಾಹನದ ಆರ್‌ಸಿಗೆ ಸೇರಿಕೊಂಡಿತು. ಮೊದಲ ನೋಂದಣಿಯ ವೇಳೆಗೆ ಕಟ್ಟಿಸಿಕೊಳ್ಳುವ ರಾಜ್ಯದ ತೆರಿಗೆಗೆ ‘ಜೀವಾವಧಿ ತೆರಿಗೆ’ ಎಂಬ ಹೆಸರಿದ್ದು, 15 ವರ್ಷದ ನಂತರ ‘ಹಸಿರು ತೆರಿಗೆ’ಯೂ ಬೀಳುವುದನ್ನು ನೋಡಿದರೆ, ಜೀವಾವಧಿ ಎಂಬ ಪದವನ್ನು ಇಲಾಖೆ ಸ್ವಲ್ಪ ಸಡಿಲವಾಗಿಯೇ ಬಳಸಿದೆ ಎನ್ನಬೇಕು.

ಮೈಸೂರಿನಲ್ಲಿ ಈ ಕಾನೂನಿಗೆ ವಿಶೇಷವಾದ ತೂಕ ಬಂದುದಕ್ಕೆ ಕಾರಣ, ವಿಜಯನಗರಕ್ಕೆ ಸಮೀಪದ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ. ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ತಾಂತ್ರಿಕ ನೆರವಿನಿಂದ ಇಲ್ಲಿ 1961ರಲ್ಲಿ 250 ಸಿಸಿಯ ಮೋಟಾರ್ ಸೈಕಲ್ ತಯಾರಿಕೆ ಆರಂಭವಾಯಿತು. ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1973ರಿಂದ ಗಾಡಿಯ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂದಿತು. ಒಂದೇ ಸನ್ನೆಕೋಲನ್ನು ಹಿಂದಕ್ಕೆತ್ತಿ ಒದ್ದರೆ ಕಿಕ್, ಮುಂದಕ್ಕೆ ಮಲಗಿಸಿದರೆ ಗೇರ್ ಆಗುವ ಈ ಟು-ಸ್ಟ್ರೋಕ್ ಗಾಡಿ ಹೊಗೆಯನ್ನೂ ಸದ್ದನ್ನೂ ಧಾರಾಳವಾಗಿ ಬಿಡುತ್ತಿತ್ತು, ಆದರೆ ಸುಲಭಕ್ಕೆ ಕೆಡುತ್ತಿರಲಿಲ್ಲ, ಕೆಟ್ಟರೂ ಬೀದಿಬದಿಯ ಮೆಕ್ಯಾನಿಕ್ ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದ. ಜಪಾನಿ ತಂತ್ರಜ್ಞಾನದ 100 ಸಿಸಿ ಗಾಡಿಗಳ ಪೈಪೋಟಿ, ಕಾರ್ಮಿಕ ಸಮಸ್ಯೆ, ಬಿಗಿಯಾಗುತ್ತಿದ್ದ ಹೊಗೆ ನಿಯಮಗಳು ಒಟ್ಟಾಗಿ 1996ರಲ್ಲಿ ಕಾರ್ಖಾನೆಯನ್ನು ಮುಚ್ಚಿಸಿದವು. ಕಾರ್ಖಾನೆ ಹೋದರೂ ಗಾಡಿಗಳು ಉಳಿದವು. ಪ್ರತಿ ವರ್ಷ ಜುಲೈನ ಎರಡನೆಯ ಭಾನುವಾರದ ಅಂತರರಾಷ್ಟ್ರೀಯ ಜಾವಾ ದಿನದಂದು ಅವು ಸಾಲುಗಟ್ಟಿ ಹೊರಬರುತ್ತವೆ. ಹಾಗೆ ಹೊರಬರಲು ಅವುಗಳಿಗೆ ಊರ್ಜಿತ ಆರ್‌ಸಿ ಬೇಕು, ಅದಕ್ಕೆ ನವೀಕರಣ ಬೇಕು.

ಈ ಕ್ರಿಯೆ ನಡೆಯುವ ವಿಧಾನವನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿನ 52ನೆಯ ನಿಯಮ ಹೇಳುತ್ತದೆ. ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳ ಒಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕು. ಜೊತೆಗೆ ವಿಮೆ ಮತ್ತು ಹೊಗೆ ತಪಾಸಣೆಯ ಪತ್ರಗಳಿರಬೇಕು. ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರ ಎದುರು ನಿಲ್ಲಿಸಬೇಕು. ಇದೆಲ್ಲ ನಡೆಯುವುದು ಆರ್‌ಟಿಒ ಎಂಬ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ; ನಗರದ ಪಶ್ಚಿಮ ಭಾಗದ ಕಚೇರಿಯ ಸಂಕೇತ ಕೆಎ-09, ನಂತರ ಪ್ರತ್ಯೇಕವಾದ ಪೂರ್ವ ಭಾಗದ್ದು ಕೆಎ-55. ಚಾಮರಾಜ ಜೋಡಿ ರಸ್ತೆಯ ವೃತ್ತವೊಂದಕ್ಕೆ ಆರ್‌ಟಿಒ ಸರ್ಕಲ್ ಎಂಬ ಹೆಸರೇ ನಿಂತಿರುವುದರಿಂದ ಈ ಕಚೇರಿ ಊರಿನ ನಿತ್ಯಜೀವನದಲ್ಲಿ ಎಷ್ಟು ಬೆರೆತಿದೆಯೆಂಬುದು ತಿಳಿಯುತ್ತದೆ. ಕಡತಗಳು ವಾಹನ್ ಎಂಬ ರಾಷ್ಟ್ರೀಯ ಗಣಕ ದಾಖಲೆಗೆ ಸೇರಿ, ಪುಸ್ತಕದ ರೂಪದ ಆರ್‌ಸಿ ಸ್ಮಾರ್ಟ್ ಕಾರ್ಡ್ ಆದ ಮೇಲೂ ಒಂದು ಹಳೆಯ ಕೈಕೆಲಸ ಈ ವ್ಯವಹಾರಕ್ಕೆ ಅಂಟಿಕೊಂಡು ಬಂದಿದೆ: ಛಾಸಿ ಪ್ರಿಂಟ್. ಹ್ಯಾಂಡಲ್ ಕೂರುವ ಕೊಳವೆಯ ಪಕ್ಕದಲ್ಲಿ ಅಚ್ಚೊತ್ತಿದ ಛಾಸಿ ಸಂಖ್ಯೆಯ ಮೇಲಿನ ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ತೆಳು ಕಾಗದವನ್ನು ಒತ್ತಿಹಿಡಿದು, ಪೆನ್ಸಿಲ್ಲನ್ನು ಅಡ್ಡಲಾಗಿ ಉಜ್ಜಿದರೆ, ಕಪ್ಪು ಬಣ್ಣದ ನಡುವೆ ಅಂಕಿಗಳು ಬಿಳಿಯಾಗಿ ಮೂಡುತ್ತವೆ. ಗಾಡಿಗೆ ಎರಡು ಮೂರು ಸಲ ಬಣ್ಣ ಹೊಡೆಸಿದ್ದರೆ ಅಂಕಿಯ ತಗ್ಗುಗಳು ತುಂಬಿಹೋಗಿ 3 ಯಾವುದು 8 ಯಾವುದು ತಿಳಿಯದಾಗುತ್ತದೆ. ಆಗ ಬಣ್ಣವನ್ನು ಕೆರೆದು ತೆಗೆಯದೆ ಗತಿಯಿಲ್ಲ. ಶಾಸನ ಪರಿಶೋಧಕರು ಕಲ್ಲಿನ ಬರಹದ ಪಡಿಯಚ್ಚು ತೆಗೆಯುವ ಬಗೆಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಇತ್ತೀಚಿನ ವರ್ಷಗಳಲ್ಲಿ ನವೀಕರಣಕ್ಕೆ ಮೂರನೆಯ ಉದ್ದೇಶವೊಂದು ಸೇರಿದೆ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಯನ್ನು ತಂದಿತು. ಅದಕ್ಕೆ ಹೊಂದಿಕೊಂಡಂತೆ 2022ರ ಏಪ್ರಿಲ್ 1ರಿಂದ, 15 ವರ್ಷ ಮೀರಿದ ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕ 300 ರೂಪಾಯಿಯಿಂದ 1,000ಕ್ಕೂ, ಕಾರಿನದು 600ರಿಂದ 5,000ಕ್ಕೂ ಏರಿತು. ತಡವಾದರೆ ಮೋಟಾರ್ ಸೈಕಲ್ಲಿಗೆ ತಿಂಗಳಿಗೆ 300 ರೂಪಾಯಿಯ ದಂಡವೂ ಸೇರಿತು. 2025ರ ಆಗಸ್ಟ್‌ನ ಅಧಿಸೂಚನೆ 20 ವರ್ಷ ದಾಟಿದವುಗಳಿಗೆ ಈ ಮೊತ್ತವನ್ನು ಕ್ರಮವಾಗಿ 2,000 ಮತ್ತು 10,000 ರೂಪಾಯಿಗೆ ಮುಟ್ಟಿಸಿತು. ದೆಹಲಿಯ ಸುತ್ತ ನ್ಯಾಯಾಲಯದ ಆದೇಶದಿಂದ ಬಂದ ವಯೋಮಿತಿಯ ನಿಷೇಧ ಕರ್ನಾಟಕದಲ್ಲಿ ಇಲ್ಲ, ಇಲ್ಲಿ ಹಳೆಯ ಗಾಡಿಯನ್ನು ತಡೆಯುವುದು ಅದರ ಖರ್ಚು. ಹೊಗೆಯನ್ನು ಅಳೆಯುವ ಯಂತ್ರ ಕೈಯಲ್ಲಿರುವಾಗ ವಯಸ್ಸನ್ನೇ ಅಳತೆಗೋಲಾಗಿ ಹಿಡಿಯುವುದು ಒರಟು ಕ್ರಮವೆಂದೇ ಹೇಳಬೇಕು; ವಾರಕ್ಕೊಮ್ಮೆ ಮನೆಯಿಂದ ಹೊರಬರುವ, ಸುಸ್ಥಿತಿಯಲ್ಲಿರುವ ಗಾಡಿಯೂ ದಿನವಿಡೀ ಓಡುವ ಗಾಡಿಯೂ ಇದರಲ್ಲಿ ಒಂದೇ ಲೆಕ್ಕಕ್ಕೆ ಬರುತ್ತವೆ.

50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗಳಿಗೆ 2021ರ ಜುಲೈನ ನಿಯಮಗಳು ‘ವಿಂಟೇಜ್’ ಎಂಬ ಪ್ರತ್ಯೇಕ ವರ್ಗವನ್ನು ತೆರೆದಿವೆ. ಹೊಸ ನೋಂದಣಿಗೆ ‘ವಿಎ’ ಅಕ್ಷರಗಳ ಸಂಖ್ಯೆ, 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಯಾದವಗಿರಿಯ ಮೊದಮೊದಲ ಜಾವಾಗಳು ವಯಸ್ಸಿನ ಲೆಕ್ಕದಲ್ಲಿ ಇದಕ್ಕೆ ಅರ್ಹವೇ ಸರಿ, ಆದರೆ ಈ ವರ್ಗಕ್ಕೆ ಸೇರಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಗಳಂಥ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ವಿಜಯನಗರದಿಂದ ಮಾರುಕಟ್ಟೆಗೆ ತರಕಾರಿ ತರಲು ಹೋಗುವ ಜಾವಾ ಸಾಮಾನ್ಯ ನವೀಕರಣದ ಸಾಲಿನಲ್ಲೇ ನಿಲ್ಲಬೇಕು. ಕಾರ್ಖಾನೆ ಮುಚ್ಚಿದ 1996ರಲ್ಲಿ ನೋಂದಣಿಯಾದ ಯೆಜ್ಡಿಗಳು 2011, 2016, 2021ರಲ್ಲಿ ಆ ಸಾಲಿನಲ್ಲಿ ನಿಂತವು. ಅವುಗಳ ನಾಲ್ಕನೆಯ ನವೀಕರಣದ ವರ್ಷ 2026, ಶುಲ್ಕ 2,000 ರೂಪಾಯಿ.