ಲಿನಕ್ಸ್ ಕರ್ನಲ್‌ನಲ್ಲಿ ಹಳೆಯ ಯಂತ್ರಾಂಶದ ಬೆಂಬಲ

ಹಳೆಯ ಯಂತ್ರಾಂಶದ ಬೆಂಬಲ ಎಂದರೆ, ತಯಾರಿಕೆ ನಿಂತುಹೋದ ಅಥವಾ ಬಳಕೆ ವಿರಳವಾದ ಗಣಕಯಂತ್ರಗಳಲ್ಲಿಯೂ ಹೊಸ ತಂತ್ರಾಂಶವು ಕೆಲಸ ಮಾಡುವಂತೆ ಅದನ್ನು ನಿರ್ವಹಿಸುತ್ತ ಬರುವುದು. ಹಳೆಯ ಯಂತ್ರಗಳಿಗೆ ದೀರ್ಘಕಾಲ ಆಸರೆಯಾಗಿರುವ ಲಿನಕ್ಸ್ ಕರ್ನಲ್ ಕೂಡ ಹಲವು ಪ್ರೊಸೆಸರ್‌ಗಳ ಬೆಂಬಲವನ್ನು ಹಂತಹಂತವಾಗಿ ಕೈಬಿಟ್ಟಿದೆ.

ಹಿನ್ನೆಲೆ

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಇಂಟೆಲ್ 80386 ಪ್ರೊಸೆಸರ್ ಹೊಂದಿದ್ದ ತಮ್ಮ ಗಣಕಯಂತ್ರದಲ್ಲಿ ಲಿನಕ್ಸ್ ರಚನೆಯನ್ನು ಆರಂಭಿಸಿದರು. ಕಾಲಕ್ರಮೇಣ ಅದನ್ನು ಬೇರೆ ಬೇರೆ ಬಗೆಯ ಹತ್ತಾರು ಪ್ರೊಸೆಸರ್‌ಗಳಿಗೆ ಹೊಂದಿಸಲಾಯಿತು.

386 ಬೆಂಬಲದ ಅಂತ್ಯ

80386 ಪ್ರೊಸೆಸರ್ 1985ರಲ್ಲಿ ಬಿಡುಗಡೆಯಾಯಿತು. ಅದರ ತಯಾರಿಕೆಯನ್ನು ಇಂಟೆಲ್ 2007ರಲ್ಲಿ ನಿಲ್ಲಿಸಿತು. 2012ರ ಡಿಸೆಂಬರ್‌ನಲ್ಲಿ ಇಂಗೊ ಮೋಲ್ನರ್ ಕಳುಹಿಸಿದ ಬದಲಾವಣೆಗಳನ್ನು ಟೊರ್ವಾಲ್ಡ್ಸ್ ಅಂಗೀಕರಿಸಿದರು. 2013ರ ಫೆಬ್ರವರಿಯಲ್ಲಿ ಹೊರಬಂದ 3.8ನೆಯ ಆವೃತ್ತಿಯಿಂದ ಕರ್ನಲ್, ತಾನು ಹುಟ್ಟಿದ ಬಗೆಯ ಯಂತ್ರದಲ್ಲಿಯೇ ನಡೆಯದಾಯಿತು.

ಇದಕ್ಕೆ ತಾಂತ್ರಿಕ ಕಾರಣಗಳಿದ್ದವು. ಸ್ಮೃತಿಯಲ್ಲಿರುವ ಮೌಲ್ಯವನ್ನು ಹೋಲಿಸಿ ಬದಲಿಸುವ ಕೆಲಸವನ್ನು ಒಂದೇ ಆದೇಶದಲ್ಲಿ ಮಾಡುವ ಸೌಲಭ್ಯವು 486ರಲ್ಲಿ ಬಂದಿತು, 386ರಲ್ಲಿ ಇರಲಿಲ್ಲ. ಓದಲು ಮಾತ್ರ ಎಂದು ಗುರುತಿಸಿದ ಸ್ಮೃತಿಪುಟದ ಮೇಲೆ ಕರ್ನಲ್ ಬರೆಯಹೊರಟರೆ 386 ಅದನ್ನು ತಡೆಯುತ್ತಿರಲಿಲ್ಲ. ಈ ಕೊರತೆಗಳಿಗಾಗಿ ಇರಿಸಿದ್ದ ವಿಶೇಷ ಸಂಕೇತವು ಬಹುಪ್ರೊಸೆಸರ್ ವ್ಯವಸ್ಥೆಯ ಸುಧಾರಣೆಗೆ ತೊಡಕಾಗಿತ್ತು.

ನಂತರದ ನಿರ್ಧಾರಗಳು

2018ರಲ್ಲಿ ಬಂದ 4.17ನೆಯ ಆವೃತ್ತಿಯಲ್ಲಿ ಬಳಕೆ ತಪ್ಪಿದ ಎಂಟು ಪ್ರೊಸೆಸರ್ ವಿನ್ಯಾಸಗಳ ಬೆಂಬಲವನ್ನು ಒಟ್ಟಿಗೆ ತೆಗೆಯಲಾಯಿತು. ಇಂಟೆಲ್‌ನ ಇಟೇನಿಯಂ ಬೆಂಬಲವು ನಿರ್ವಾಹಕರಿಲ್ಲದೆ ಅನಾಥವಾಗಿ, 2024ರ ಜನವರಿಯಲ್ಲಿ ಬಂದ 6.7ನೆಯ ಆವೃತ್ತಿಯಲ್ಲಿ ಕೊನೆಗೊಂಡಿತು. ಇದಕ್ಕೆ ವ್ಯತಿರಿಕ್ತವಾಗಿ, ಅದಕ್ಕಿಂತಲೂ ಹಳೆಯದಾದ ಮೊಟೊರೊಲಾ 68000 ಸರಣಿಯ ಬೆಂಬಲ ಆಸಕ್ತ ಸ್ವಯಂಸೇವಕರ ಶ್ರಮದಿಂದ ಮುಂದುವರಿಯಿತು. ವಯಸ್ಸೊಂದೇ ಮಾನದಂಡವಲ್ಲ, ನಿರ್ವಹಿಸುವವರೂ ಬಳಸುವವರೂ ಇರುವರೇ ಎಂಬುದು ಮುಖ್ಯ ಎಂಬುದನ್ನು ಈ ಎರಡು ಉದಾಹರಣೆಗಳು ತೋರಿಸುತ್ತವೆ.

ಪರ ವಾದಗಳು

ಬೆಂಬಲ ಮುಂದುವರಿದರೆ ಸುಸ್ಥಿತಿಯಲ್ಲಿರುವ ಯಂತ್ರಗಳು ತ್ಯಾಜ್ಯವಾಗುವುದು ತಪ್ಪುತ್ತದೆ; ಹೊಸ ಯಂತ್ರ ಕೊಳ್ಳಲಾಗದ ಮನೆಗಳಿಗೂ ಶಾಲೆಗಳಿಗೂ ಅನುಕೂಲವಾಗುತ್ತದೆ. 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ ಇತ್ತೀಚಿನ ಪ್ರೊಸೆಸರನ್ನೂ ಕಡ್ಡಾಯಗೊಳಿಸಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಾಗ, ಚೆನ್ನಾಗಿ ನಡೆಯುತ್ತಿದ್ದ ಅನೇಕ ಯಂತ್ರಗಳಿಗೆ ಲಿನಕ್ಸ್ ಒಂದು ಪರ್ಯಾಯವಾಯಿತು.

ವಿರುದ್ಧ ವಾದಗಳು

ಪರೀಕ್ಷಿಸಲು ಯಂತ್ರವೇ ಸಿಗದ ಸಂಕೇತದಲ್ಲಿ ದೋಷಗಳು ಅಡಗಿ ಉಳಿಯುತ್ತವೆ. ಪ್ರತಿಯೊಂದು ಬದಲಾವಣೆಯನ್ನೂ ಹಳೆಯ ವಿನ್ಯಾಸಕ್ಕೆ ಹೊಂದಿಸಬೇಕಾದ ಹೊರೆ, ಆ ಯಂತ್ರವನ್ನು ಎಂದೂ ಕಾಣದವರ ಮೇಲೆ ಬೀಳುತ್ತದೆ. ಹಳೆಯ ಯಂತ್ರದವರು ಹಳೆಯ ಆವೃತ್ತಿಯನ್ನೇ ಬಳಸಬಹುದೆಂಬ ಸಮಾಧಾನವಿದೆ. ಆದರೆ ಅದಕ್ಕೆ ಭದ್ರತಾ ತಿದ್ದುಪಡಿಗಳು ನಿಂತ ಮೇಲೆ ಅಂತರಜಾಲ ಸಂಪರ್ಕವು ಅಪಾಯಕಾರಿಯಾಗುತ್ತದೆ.

ವಿತರಣೆಗಳ ಪಾತ್ರ

ಕರ್ನಲ್ ಬೆಂಬಲಿಸಿದ ಮಾತ್ರಕ್ಕೆ ಬಳಕೆದಾರರಿಗೆ ಸಿದ್ಧ ವ್ಯವಸ್ಥೆ ದೊರೆಯುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13, 32-ಬಿಟ್ ಇಂಟೆಲ್ ಯಂತ್ರಗಳಿಗೆ ಕರ್ನಲನ್ನೂ ಅನುಸ್ಥಾಪಕವನ್ನೂ ಒದಗಿಸುವುದನ್ನು ನಿಲ್ಲಿಸಿತು. ನೆಟ್‌ಬಿಎಸ್‌ಡಿಯಂತಹ ಯೋಜನೆಗಳು ಮಾತ್ರ, 1970ರ ದಶಕದಲ್ಲಿ ರೂಪುಗೊಂಡ ವ್ಯಾಕ್ಸ್ ಸೇರಿದಂತೆ ಅತಿ ಹಳೆಯ ಯಂತ್ರಗಳಿಗೂ ನೆಲೆ ಒದಗಿಸಿವೆ.