ವಾಡನ್ ಸಮುದ್ರ: ನೀರಿನ ಚಲನೆ ಮತ್ತು ತಳಜೀವಿಗಳ ಅಧ್ಯಯನದ ಇತಿಹಾಸ

ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್‌ಗಳ ತೀರದಲ್ಲಿ ಸುಮಾರು 500 ಕಿ.ಮೀ. ಉದ್ದಕ್ಕೆ ಹಬ್ಬಿರುವ ಆಳವಿಲ್ಲದ ಕಡಲು ವಾಡನ್ ಸಮುದ್ರ. ದಿನಕ್ಕೆರಡು ಬಾರಿ ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಇಲ್ಲಿನ ಮರಳು, ಕೆಸರಿನ ಬಯಲುಗಳಲ್ಲಿ ಹುಳುಗಳೂ ಚಿಪ್ಪುಜೀವಿಗಳೂ ದಟ್ಟವಾಗಿವೆ. ಯಾವ ಜೀವಿ ಎಲ್ಲಿ ನೆಲೆಸಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಲೆ, ಪ್ರವಾಹ ಮತ್ತು ಹೊರಗಡಲಿನೊಂದಿಗಿನ ನೀರಿನ ವಿನಿಮಯ.

ಇಲ್ಲಿನ ಸಿಂಪಿಹಾಸುಗಳನ್ನು ಅಭ್ಯಸಿಸಿದ ಜರ್ಮನ್ ಪ್ರಾಣಿವಿಜ್ಞಾನಿ ಕಾರ್ಲ್ ಮೋಬಿಯಸ್ 1877ರಲ್ಲಿ ಜೀವಿಸಮುದಾಯದ ಪರಿಕಲ್ಪನೆಯನ್ನು ಮಂಡಿಸಿದರು. ಸಿಂಪಿಗೆ ಗಟ್ಟಿ ತಳವೂ ಆಹಾರ ಹೊತ್ತು ತರುವ ಹರಿವೂ ಬೇಕು. ಕೆಸರು ಕೂತಲ್ಲಿ ಅದು ಬದುಕದು.

ನೀರಿನ ದಾರಿ ಬದಲಾದರೆ ಏನಾಗುತ್ತದೆಂಬುದನ್ನು 20ನೆಯ ಶತಮಾನ ತೋರಿಸಿತು. ಭೌತವಿಜ್ಞಾನಿ ಹೆಂಡ್ರಿಕ್ ಲೊರೆಂಟ್ಸ್ ಅವರ ಸಮಿತಿ 1918ರಿಂದ 1926ರವರೆಗೆ ಲೆಕ್ಕ ಹಾಕಿ, ಈ ಕಡಲಿಗೆ ಸೇರಿಕೊಂಡಿದ್ದ ದಕ್ಷಿಣದ ಡಚ್ ಕೊಲ್ಲಿಯನ್ನು ಮುಚ್ಚಿದರೆ ಹೊರಗೆ ಉಬ್ಬರ ಹೆಚ್ಚುವುದೆಂದು ತಿಳಿಸಿತು. 1932ರಲ್ಲಿ 32 ಕಿ.ಮೀ. ಉದ್ದದ ಅಫ್‌ಸ್ಲೌಟ್‌ಡೈಕ್ ಒಡ್ಡು ಕೊಲ್ಲಿಯನ್ನು ಮುಚ್ಚಿದಾಗ ಹಾಗೆಯೇ ಆಯಿತು. ಅದೇ ವೇಳೆಗೆ ರೋಗ ಬಡಿದು ಪಶ್ಚಿಮ ಭಾಗದಲ್ಲಿ ನೀರಡಿಯ ಕಡಲಹುಲ್ಲಿನ ವಿಶಾಲ ಹಾಸುಗಳು ನಾಶವಾದವು. ಅವು ಮತ್ತೆ ಚಿಗುರಲಿಲ್ಲ. ಕದಡಿದ ನೀರಿನಲ್ಲಿ ಬೆಳಕು ಕುಂದಿದ್ದೂ ಇದಕ್ಕೆ ಕಾರಣಗಳಲ್ಲೊಂದೆಂದು ವಿಜ್ಞಾನಿಗಳು ಹೇಳುತ್ತಾರೆ.

1950ರ ದಶಕದಲ್ಲಿ ಡಚ್ ವಿಜ್ಞಾನಿಗಳಾದ ಪೊಸ್ಟ್ಮಾ, ವಾನ್ ಸ್ಟ್ರಾಟನ್, ಕ್ಯೂನನ್ ಕೆಸರಿನ ಚಲನೆಯನ್ನು ವಿವರಿಸಿದರು. ಹರಿವು ತಗ್ಗಿದರೂ ನುಣ್ಣನೆಯ ಕಣಗಳು ತಕ್ಷಣ ತಳ ಸೇರುವುದಿಲ್ಲ. ಅಷ್ಟರಲ್ಲಿ ದಡದತ್ತ ಇನ್ನಷ್ಟು ಸಾಗಿರುತ್ತವೆ. ಕೂತ ಮೇಲೆ ಅವನ್ನು ಎಬ್ಬಿಸಲು ಹೆಚ್ಚು ರಭಸ ಬೇಕು. ಆದ್ದರಿಂದ ದಡದ ಬಳಿ ಕೆಸರು, ಹರಿವು ಚುರುಕಾದಲ್ಲಿ ಮರಳು ಉಳಿಯುತ್ತದೆ. ಜೀವಿಗಳೂ ಅದರಂತೆ ಹಂಚಿಹೋಗುತ್ತವೆ.

ಜೀವಿಗಳು ಪ್ರವಾಹಕ್ಕೆ ಸುಮ್ಮನೆ ಒಳಗಾಗುವುದಿಲ್ಲ, ಅದನ್ನು ಬಳಸಿಕೊಳ್ಳುತ್ತವೆ. ಅರೆನಿಕೋಲಾ ಮರಳುಹುಳು ತನ್ನ ಬಿಲದೊಳಗೆ ನೀರನ್ನು ಎಳೆದು ಆಮ್ಲಜನಕ ಪಡೆಯುತ್ತದೆ. ನುಂಗಿದ ಮರಳನ್ನು ಸುರುಳಿಯಾಗಿ ಮೇಲೆ ಹಾಕುತ್ತದೆ. ಮಕೋಮಾ ಚಿಪ್ಪಿನ ಮರಿ ತೆಳ್ಳನೆಯ ಎಳೆಯೊಂದನ್ನು ನೀರಿಗೆ ಬಿಟ್ಟು, ಹರಿವಿನೊಡನೆ ತೇಲಿ ಬೇರೆ ಬಯಲನ್ನು ಸೇರುತ್ತದೆ. ದಟ್ಟವಾದ ಪಚ್ಚಿಲೆ ಹಾಸು ತಳದ ನೀರಿನ ಆಹಾರವನ್ನು ಬೇಗ ಸೋಸಿ ಮುಗಿಸುತ್ತದೆ. ಮೇಲಿನ ನೀರು ಕಲಕಿ ಕೆಳಗಿಳಿದರೆ ಮಾತ್ರ ಅದಕ್ಕೆ ಮತ್ತೆ ಊಟ. ಆದರೆ ಅಲೆ ಬಿರುಗಾಳಿಯಲ್ಲಿ ಬಲಿತರೆ ಹಾಸನ್ನೇ ಕಿತ್ತೊಯ್ಯುತ್ತದೆ.

ಡಚ್ ತೀರದ ಬಾಲ್ಗ್‌ಜಾಂಡ್ ಬಯಲಿನಲ್ಲಿ 1970ರ ಸುಮಾರಿಗೆ ಆರಂಭವಾದ ದೀರ್ಘಾವಧಿ ಗಣತಿ, ಕಠಿಣ ಚಳಿಗಾಲದ ನಂತರ ಚಿಪ್ಪುಮರಿಗಳು ಹೇರಳವಾಗುವುದನ್ನು ದಾಖಲಿಸಿದೆ. ಯುನೆಸ್ಕೊ 2009ರಲ್ಲಿ ಡಚ್, ಜರ್ಮನ್ ಭಾಗಗಳನ್ನೂ 2014ರಲ್ಲಿ ಡೆನ್ಮಾರ್ಕಿನ ಭಾಗವನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಡಲಮಟ್ಟ ಏರುತ್ತಿರುವ ಇಂದು, ಪ್ರವಾಹ ಹೊತ್ತು ತರುವ ಮರಳು ಮತ್ತು ಕೆಸರು ಆ ಏರಿಕೆಗೆ ಸಾಟಿಯಾಗದಿದ್ದರೆ ಬಯಲುಗಳು ಮುಳುಗಿಯೇ ಉಳಿಯುತ್ತವೆ. ಹಾಗಾಗಿ ಇಲ್ಲಿನ ಜೀವಸಂಕುಲದ ರಕ್ಷಣೆ ನೀರಿನ ದಾರಿಯನ್ನು ತೆರೆದಿಡುವುದರಿಂದಲೇ ಆರಂಭವಾಗಬೇಕು.