ಮಣ್ಣೆತ್ತು ಮತ್ತು ಪಾಟಿ

ಮಕ್ಕಳ ಆಸಕ್ತಿಯ ಬೆನ್ನು ಹಿಡಿದು ಆಟದಲ್ಲೇ ಕಲಿಸಬೇಕು ಎಂಬ ಮಾತು ಬಂದಾಗಲೆಲ್ಲ ನಾವು ಫ್ರೋಬೆಲ್, ಮಾಂಟೆಸ್ಸೊರಿ ಅವರನ್ನು ನೆನೆಯುತ್ತೇವೆ. ಜರ್ಮನಿಯಲ್ಲಿ ಫ್ರೋಬೆಲ್ ಅವರ ಕಿಂಡರ್‌ಗಾರ್ಟನ್ ಆ ಹೆಸರು ಪಡೆದದ್ದು 1840ರಲ್ಲಿ. ರೋಮಿನಲ್ಲಿ ಮಾಂಟೆಸ್ಸೊರಿಯವರ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ. ಅವರ ಋಣ ದೊಡ್ಡದೇ. ಆದರೆ ಮಂಗಸೂಳಿ, ಕಾಗವಾಡ, ಅಥಣಿ ಸೀಮೆಯ ಮಕ್ಕಳು ಇಂಥ ಕಲಿಕೆಯನ್ನು ಹಬ್ಬದ ನೆಪದಲ್ಲಿ ತಾವೇ ನಡೆಸಿಕೊಂಡು ಬಂದಿದ್ದಾರೆ. ನಮ್ಮ ಶಾಲೆ ಮಾತ್ರ ಅದನ್ನು ಬಹುಕಾಲ ಕಲಿಕೆಯೆಂದು ಎಣಿಸಲೇ ಇಲ್ಲ.

ಜ್ಯೇಷ್ಠದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯನ್ನೇ ನೋಡಿ. ಜಿಗುಟು ಮಣ್ಣು ತಂದು, ಹರಳು ಆರಿಸಿ, ನಾದಿ, ಒಂದು ಜೋಡಿ ಎತ್ತು, ಅವುಗಳ ಮುಂದಿಡಲು ಒಂದು ಗ್ವಾದಲಿ (ಮೇವಿನ ತೊಟ್ಟಿ) ಮಾಡಬೇಕು. ನೀರು ಹೆಚ್ಚಾದರೆ ಕಾಲು ಕುಸಿಯುತ್ತವೆ, ಕಡಿಮೆಯಾದರೆ ಒಣಗುವಾಗ ಡುಬ್ಬ ಬಿರಿಯುತ್ತದೆ, ಕೋಡು ಭಾರವಾದರೆ ಎತ್ತು ಮುಂದಕ್ಕೆ ಮುಗ್ಗರಿಸುತ್ತದೆ. ಹದ, ತೂಕ, ಅಳತೆ ಯಾರೂ ಪಾಠ ಹೇಳದೆ ಕೈಗೆ ಹತ್ತುತ್ತವೆ. ಕೆಟ್ಟರೆ ಮುದ್ದೆ ಮಾಡಿ ಮತ್ತೆ ತಿದ್ದಬಹುದು, ಬೈಯುವವರಿಲ್ಲ. ಮರುದಿನ ಗೆಜ್ಜೆ ಕಟ್ಟಿಕೊಂಡು, ಒಬ್ಬ ಕುಂಟೆತ್ತಾಗಿ ಕುಂಟುತ್ತ, ಮನೆಮನೆಗೆ ಹೋಗಿ ಬೇಡುವ ಆಟದಲ್ಲಿ ಹಾಡೂ ನಾಟಕವೂ ಹಂಚಿಕೆಯ ಲೆಕ್ಕವೂ ಸೇರಿವೆ. ಆಷಾಢದ ಮಂಗಳವಾರ ಹೆಣ್ಣುಮಕ್ಕಳು ಮಣ್ಣಿನಲ್ಲಿ ಗುಳ್ಳವ್ವನ ಮೂರ್ತಿ ಮಾಡಿ ಗುಲಗಂಜಿ, ಕುಸುಬಿಗಳಿಂದ ಸಿಂಗರಿಸುತ್ತಾರೆ. ಪಂಚಮಿಗೆ ಜೋಕಾಲಿ ಇದ್ದೇ ಇದೆ. ಮಂಗಸೂಳಿಯ ಖಂಡೋಬಾನಿಗೆ ಕನ್ನಡದವರೂ ಮರಾಠಿಯವರೂ ನಡೆದುಕೊಳ್ಳುತ್ತಾರೆ. ಇಂಥ ಗಡಿಯೂರಿನಲ್ಲಿ ಎರಡನೆಯ ಭಾಷೆ ಮಕ್ಕಳಿಗೆ ಮೊದಲು ಸಿಗುವುದೂ ಓಣಿಯ ಆಟದಲ್ಲೇ.

ಈ ಸೀಮೆ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ 1855ರಲ್ಲಿ ಹುಟ್ಟಿತು. ಸರಕಾರಿ ಶಾಲೆ ಈ ಭಾಗಕ್ಕೆ ಅಚ್ಚಿನ ಪುಸ್ತಕ ತಂದಿತು, ಕನ್ನಡ ಓದನ್ನು ಊರೂರಿಗೆ ಮುಟ್ಟಿಸಿತು. ಅದರೊಂದಿಗೆ ಇನ್‌ಸ್ಪೆಕ್ಟರ್ ಬಂದಾಗ ಒಪ್ಪಿಸುವ ಪಾಠವೂ ಬಂತು. ಪಾಟಿ ಹಿಡಿದ ಕೈಗೆ ಮಣ್ಣು ಹತ್ತಬಾರದೆಂಬ ಶಿಸ್ತು ಬೇರೂರಿತು. ಅದೇ ಪ್ರಾಂತದ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಹಳ್ಳಿಯ ಮಕ್ಕಳಿಗಾಗಿ ಕೇಂದ್ರ ತೆರೆದು, ಬೆಲೆಬಾಳುವ ಮಾಂಟೆಸ್ಸೊರಿ ಸಾಮಾನುಗಳ ಬದಲು ಸುತ್ತಮುತ್ತ ಸಿಗುವ ವಸ್ತುಗಳನ್ನೇ ಕಲಿಕೆಗೆ ಬಳಸಿದರು. ಕನ್ನಡದ ಸರಕಾರಿ ಶಾಲೆಗಳಲ್ಲಿ ಇಂಥ ದೊಡ್ಡ ಪ್ರಯೋಗಕ್ಕೆ 1995ರವರೆಗೆ ಕಾಯಬೇಕಾಯಿತು. ಆ ವರ್ಷ ಹೆಗ್ಗಡದೇವನಕೋಟೆಯ ಶಿಕ್ಷಕರು, ರಿಷಿವ್ಯಾಲಿ ಶಾಲೆಯ ಮಾದರಿಯನ್ನು ನೋಡಿ ಬಂದು, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಆರಂಭಿಸಿದರು. 2009–10ರಲ್ಲಿ ಅದು ರಾಜ್ಯದ ಎಲ್ಲೆಡೆ ಹಬ್ಬಿತು.

ಹಬ್ಬದ ಆಟ ಮಗುವಿನ ಆಯ್ಕೆಯಲ್ಲ, ರೂಢಿಯ ಕಟ್ಟಳೆ ಎಂದು ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಹುಡುಗರಿಗೆ ಎತ್ತು, ಹುಡುಗಿಯರಿಗೆ ಗುಳ್ಳವ್ವ ಎಂಬ ಗೆರೆಯನ್ನು ರೂಢಿಯೇ ಎಳೆದದ್ದು. ಶಾಲೆ ಅದನ್ನು ಅಳಿಸಲೇಬೇಕು. ಆದರೆ ರೂಢಿ ಹೇಳುವುದು ಎತ್ತು ಮಾಡು ಎಂದಷ್ಟೇ. ಅದು ಹೇಗಿರಬೇಕು, ಎಷ್ಟು ಹೊತ್ತು ತಿದ್ದಬೇಕು ಎಂಬುದು ಮಗುವಿಗೇ ಬಿಟ್ಟದ್ದು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಕಬ್ಬು ಕಡಿಯುವವರ ಮಗುವಿಗೆ ಮೊದಲು ಅಕ್ಷರ ಬೇಕು, ಆಟ ಆಮೇಲೆ. ಅಕ್ಷರ ಬೇಕೇ ಬೇಕು. ಹಾಗೆಂದೇ ನಲಿ-ಕಲಿಯ ಕಲಿಕಾ ಏಣಿ ಮುಖ್ಯವಾಗುತ್ತದೆ. ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು, ಎಲ್ಲರ ಜೊತೆ ಓಡಬೇಕಾಗಿಲ್ಲ. ನಲಿ-ಕಲಿಯ ಕೊರತೆ ಬೇರೆ ಕಡೆ ಇದೆ. ಅಲ್ಲಿ ಬಳಸುವ ಕಲಿಕೆಯ ಕಾರ್ಡುಗಳೂ ಅವುಗಳ ಕ್ರಮವೂ ಇಲಾಖೆಯಿಂದ ಬರುತ್ತವೆ. ಮಗು ತಾನು ಏನು ಮಾಡಬೇಕೆಂದು ನಿರ್ಧರಿಸುವ ಜಾಗ ಅಲ್ಲಿ ಕಿರಿದು.

ಕಾಗವಾಡ, ಅಥಣಿ, ರಾಯಬಾಗದ ಶಿಕ್ಷಕರಲ್ಲಿ ಒಂದು ಕೋರಿಕೆ. ಬರುವ ಮಣ್ಣೆತ್ತಿನ ಅಮಾವಾಸ್ಯೆಯ ವಾರ ಮಣ್ಣನ್ನು ತರಗತಿಯೊಳಗೆ ತರಲು ಬಿಡಿ. ಹುಡುಗಿಯರೂ ಎತ್ತು ಮಾಡಲಿ, ಹುಡುಗರೂ ಗುಳ್ಳವ್ವನನ್ನು ಸಿಂಗರಿಸಲಿ. ಕೋಡು, ಡುಬ್ಬ, ಗ್ವಾದಲಿ ಎಂಬ ಪದಗಳನ್ನು ಮಕ್ಕಳು ತಾವು ಮಾಡಿದ್ದರ ಪಕ್ಕದಲ್ಲೇ ಬರೆಯಲಿ.